ಅಕ್ಕನ ರಕ್ತಕ್ಕೆ ನಾನು ಬರೆದ ‘ಇಲ್ಲ’

ಹಳಿಯಾಳದಲ್ಲಿ ನನ್ನ ಕೆಲಸ ‘ಇಲ್ಲ’ ಎಂದು ಬರೆಯುವುದಾಗಿತ್ತು. ದಿನಕ್ಕೆ ಅರವತ್ತು ಸಲ, ವಾರಕ್ಕೆ ಆರು ದಿನ. ಅದಕ್ಕೆ ಸರಕಾರ ಸಂಬಳವನ್ನೂ ಕೊಡುತ್ತಿತ್ತು.

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮಲೇರಿಯಾವನ್ನು ದೇಶದಿಂದಲೇ ಓಡಿಸುತ್ತೇವೆಂದು ಸರಕಾರ ಟೊಂಕ ಕಟ್ಟಿ ನಿಂತ ಕಾಲ. ನಮ್ಮ ಇಲಾಖೆಯ ಮಂದಿ ಜೋಯಿಡಾದ ಕಾಡಿನಿಂದ ಮುಂಡಗೋಡದ ಬಯಲಿನವರೆಗೆ ಮನೆಮನೆ ಹೊಕ್ಕು ಗೋಡೆಗೆ ಡಿಡಿಟಿ ಹೊಡೆಯುತ್ತಿದ್ದರು. ಬಾಗಿಲ ಪಕ್ಕದಲ್ಲಿ ನಂಬರು ಬರೆಯುತ್ತಿದ್ದರು. ಜ್ವರ ಬಂದವರ ಬೆರಳಿಗೆ ಸೂಜಿ ಚುಚ್ಚಿ, ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಹಚ್ಚಿಕೊಂಡು ಬರುತ್ತಿದ್ದರು. ಆ ಪಟ್ಟಿಗಳು ಕಟ್ಟಿಗೆಯ ಪೆಟ್ಟಿಗೆಯಲ್ಲಿ ಕೂತು ನನ್ನ ಮೇಜಿಗೆ ಬರುತ್ತಿದ್ದವು. ನಾನು ಅವುಗಳಿಗೆ ನೀಲಿ ಬಣ್ಣ ಹಾಕಿ, ತೊಳೆದು, ಒಣಗಿಸಿ, ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡುವುದು. ಮಲೇರಿಯಾದ ಸಣ್ಣ ಉಂಗುರ ಕಂಡರೆ ‘ಇದೆ’, ಕಾಣದಿದ್ದರೆ ‘ಇಲ್ಲ’. ಫಾರ್ಮಿನಲ್ಲಿ ಇದ್ದದ್ದು ಆ ಎರಡೇ ಕಾಲಮ್ಮು. ಮೂರನೆಯದನ್ನು ಬರೆಯಲು ಜಾಗವೇ ಇರಲಿಲ್ಲ.

ಮೂರು ವಾರದ ತರಬೇತಿ ಪಡೆದು ಬಂದವನು ನಾನು. ರಕ್ತವನ್ನು ದಪ್ಪಗೆ ಹಚ್ಚಿ ತೊಳೆದರೆ ಕೆಂಪು ಕಣಗಳು ಕರಗಿ ಹೋಗುತ್ತವೆ, ಬಿಳಿ ಕಣಗಳು ನೀಲಿ ಚುಕ್ಕೆಗಳಾಗಿ ಉಳಿಯುತ್ತವೆ, ಅವುಗಳ ನಡುವೆ ಉಂಗುರ ಹುಡುಕಬೇಕು ಎಂದು ಕಲಿಸಿದ್ದರು. ಆ ನೀಲಿ ಚುಕ್ಕೆಗಳ ಗೊಡವೆ ನಮಗೆ ಬೇಡ ಎಂದೂ ಹೇಳಿದ್ದರು. ನಾನು ವಿಧೇಯ ವಿದ್ಯಾರ್ಥಿ, ಗೊಡವೆಗೆ ಹೋಗಲಿಲ್ಲ. ಮುಂದೆ ಓದು ಮುಂದುವರಿಸಿ ಮುಂಬಯಿ ಸೇರಿದ ಮೇಲೆ ಸುಮಾರು ನಲವತ್ತು ವರ್ಷ ಅವುಗಳ ಗೊಡವೆಯೇ ನನಗೆ ಅನ್ನ ಹಾಕಿತು. ರಕ್ತದ ಕ್ಯಾನ್ಸರ್ ಬಗ್ಗೆ ನಾನು ಬರೆದ ಲೇಖನಗಳನ್ನು ಓದಿದವರಿದ್ದಾರೆ, ಶಾಲು ಹೊದಿಸಿದವರೂ ಇದ್ದಾರೆ. ಈ ದಾರಿಗೆ ಹೇಗೆ ಬಂದಿರಿ ಎಂದು ಅವರು ಕೇಳಿದಾಗಲೆಲ್ಲ ಒಳ್ಳೆಯ ಗುರುಗಳು ಸಿಕ್ಕರು ಎಂದು ಹೇಳಿ ತಪ್ಪಿಸಿಕೊಂಡಿದ್ದೇನೆ. ಅದು ಸುಳ್ಳಲ್ಲ. ಆದರೆ ನಾನು ಬಂದದ್ದು ಆ ಬಾಗಿಲಿನಿಂದ ಅಲ್ಲ.

ನಮ್ಮದು ದಾಂಡೇಲಿ. ಅಪ್ಪ ನಾಟಾ ಡಿಪೋದಲ್ಲಿ ಕಾವಲುಗಾರ. ಸಾಗವಾನಿ ದಿಮ್ಮಿಗಳ ನಡುವೆ ನಾವು ಬೆಳೆದದ್ದು. ನನಗೆ ನಾಲ್ಕು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಅಕ್ಕನಿಗೆ ಹನ್ನೊಂದು. ಆವತ್ತಿನಿಂದ ನನ್ನ ಅವ್ವನ ಕೆಲಸವನ್ನು ಅವಳು ವಹಿಸಿಕೊಂಡಳು. ಡಿಪೋದಲ್ಲಿ ಬಿದ್ದ ಚಕ್ಕೆ ಆರಿಸಿ ತಂದು ಒಲೆ ಹಚ್ಚುತ್ತಿದ್ದಳು, ನನ್ನ ತಲೆ ಎರೆಯುತ್ತಿದ್ದಳು, ನಾನು ಶಾಲೆ ತಪ್ಪಿಸಿ ಕಾಳಿ ನದಿಗೆ ಈಜಲು ಹೋದರೆ ಬರಲ ಕಡ್ಡಿ ಹಿಡಿದು ಅಟ್ಟಿಸಿಕೊಂಡು ಬರುತ್ತಿದ್ದಳು. ಅವಳು ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟಿದ್ದಳು. ಯಾಕೆ ಬಿಟ್ಟಳು ಎಂದು ನಾನು ಕೇಳಿದ್ದು ಬಹಳ ತಡವಾಗಿ. ಉತ್ತರ ನಾನೇ ಆಗಿದ್ದೆ.

ಅವಳನ್ನು ಮುಂಡಗೋಡ ತಾಲೂಕಿನ ಚಿಗಳ್ಳಿಗೆ ಕೊಟ್ಟರು. ಒಳ್ಳೆಯ ಮನೆತನ, ಭತ್ತ ಬೆಳೆಯುವ ಗದ್ದೆ, ನಾಲ್ಕು ಎತ್ತು. ಭಾವ ಮಾತಿಲ್ಲದ ಮನುಷ್ಯ. ಮನೆ ನಡೆಸುತ್ತಿದ್ದವಳು ಅವನ ತಾಯಿ, ಅಕ್ಕನ ಅತ್ತೆ. ಮೂವತ್ತಕ್ಕೆ ಗಂಡನನ್ನು ಕಳೆದುಕೊಂಡು, ಒಬ್ಬಳೇ ಗದ್ದೆ ಮಾಡಿಸಿ ಮಗನನ್ನು ಬೆಳೆಸಿದ ಹೆಂಗಸು. ಹಡೆದ ಹದಿನೈದನೇ ದಿನಕ್ಕೆ ಗದ್ದೆಗೆ ಇಳಿದವಳಂತೆ. ಅದನ್ನು ಅವಳೇ ಹೇಳುತ್ತಿದ್ದಳು, ಆಗಾಗ ಹೇಳುತ್ತಿದ್ದಳು. ಕೆಟ್ಟವಳಲ್ಲ. ಉಣ್ಣಲು ಕೂತವರ ತಾಟಿಗೆ ಕೇಳದೆ ತುಪ್ಪ ಹಾಕುವವಳು. ದುಡಿಯದೆ ಕೂತವರನ್ನು ಕಂಡರೆ ಮಾತ್ರ ಅವಳಿಗೆ ಮೈ ಉರಿಯುತ್ತಿತ್ತು.

ನಾನು ಮ್ಯಾಟ್ರಿಕ್ ಪಾಸಾದಾಗ ಅಕ್ಕ ಚಿಗಳ್ಳಿಯಲ್ಲಿ ಓಣಿಗೆಲ್ಲ ಸಕ್ಕರೆ ಹಂಚಿದಳು. ನೌಕರಿ ಸಿಕ್ಕಿದಾಗ, ‘ನಮ್ಮ ತಮ್ಮ ರಕ್ತದಾಗಿನ ಹುಳಾ ನೋಡತಾನ’ ಎಂದು ಬಾವಿಕಟ್ಟೆಯಲ್ಲಿ ಸಾರಿದಳು. ನಾನು ಹೋದಾಗ ಊರವರು ಬಂದು ಬೆರಳು ಚಾಚುತ್ತಿದ್ದರು. ತುಂಬಿದ ಕೊಡ ತುಳುಕುವುದಿಲ್ಲ ಅನ್ನುತ್ತಾರಲ್ಲ, ನನ್ನದು ತಳ ಒದ್ದೆಯಾದ ಕೊಡ. ಜೋರಾಗಿ ತುಳುಕುತ್ತಿತ್ತು.

ನಾಗರ ಪಂಚಮಿಗೆ ಅಣ್ಣತಮ್ಮಂದಿರು ಹೋಗಿ ಅಕ್ಕತಂಗಿಯರನ್ನು ತವರಿಗೆ ಕರೆದು ತರಬೇಕು. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಕ್ಕು. ನೌಕರಿ ಹಿಡಿದ ಎರಡನೆಯ ಶ್ರಾವಣದಲ್ಲಿ ನಾನು ಯಲ್ಲಾಪುರಕ್ಕೆ ಒಂದು ಬಸ್ಸು, ಅಲ್ಲಿಂದ ಮುಂಡಗೋಡಕ್ಕೆ ಒಂದು ಬಸ್ಸು ಹಿಡಿದು, ಉಳಿದ ದಾರಿಯನ್ನು ಕೆಸರಿನಲ್ಲಿ ನಡೆದು ಚಿಗಳ್ಳಿಗೆ ಹೋದೆ. ಕಾಲಿಗೆ ನೀರು ತಂದ ಅಕ್ಕನನ್ನು ನೋಡಿ ಗಾಬರಿಯಾಯಿತು. ಮುಖ ಬಿಳಚಿಕೊಂಡಿತ್ತು, ಕೊರಳ ಎಲುಬುಗಳು ಎದ್ದಿದ್ದವು. ತಂಬಿಗೆ ಇಟ್ಟವಳು ಅಲ್ಲೇ ಗೋಡೆಗೆ ಆತು ನಿಂತಳು.

ಅತ್ತೆ ಪಡಸಾಲೆಯಿಂದಲೇ ಮಾತು ತೆಗೆದಳು. “ನೋಡಪಾ ನಿಮ್ಮಕ್ಕನ್ನ. ಕುಂತ್ರ ಕುಂತಬಿಡತಾಳ. ಹೊಟ್ಟ್ಯಾಗ ಗಡ್ಡಿ ಐತಿ ಅಂತಾಳ, ಸಂಜೀಕ ಮೈ ಕಾಯತೈತಿ ಅಂತಾಳ. ಗದ್ದ್ಯಾಗ ಕಳೆ ತಗ್ಯೂದು ಬಿದ್ದೈತಿ, ಮನ್ಯಾಗ ಆಳಿಲ್ಲ. ನೀ ರಕ್ತಾ ನೋಡಾಂವ ಅದೀ. ನೋಡಿ ಒಂದ ಮಾತ ಹೇಳಿಬಿಡು, ಐತ್ಯೋ ಇಲ್ಲೋ.”

ಆ ಸೀಮೆಯಲ್ಲಿ ಎಡ ಪಕ್ಕೆಯ ಕೆಳಗೆ ಗಡ್ಡೆ ಎಂದರೆ ಯಾರೂ ಬೆಚ್ಚುತ್ತಿರಲಿಲ್ಲ. ಚಳಿಜ್ವರ ಬಂದು ಬಂದು ಗುಲ್ಮ ಊದಿಕೊಂಡವರು ಊರಿಗೆ ಹತ್ತು ಜನ ಇರುತ್ತಿದ್ದರು. ಕೆಲವರ ಹೊಟ್ಟೆಯ ಮೇಲೆ ಅದಕ್ಕೇ ಬರೆ ಹಾಕಿಸಿಕೊಂಡ ಕಲೆಗಳೂ ಇರುತ್ತಿದ್ದವು. ನಾನೂ ಅದೇ ಊರುಗಳವನು. ಗಡ್ಡೆ ಎಂದ ಕೂಡಲೆ ಮಲೇರಿಯಾ ಎಂದುಕೊಂಡೆ. ಚೀಲದಿಂದ ಸೂಜಿ, ಗಾಜು ತೆಗೆದೆ. ಅಕ್ಕ ಬೆರಳು ಚಾಚಿ, “ಸಣ್ಣಾಂವಿದ್ದಾಗ ನಿನ್ನ ಕಾಲಾಗಿನ ಮುಳ್ಳ ನಾ ತೆಗೀತಿದ್ದೆ. ಈಗ ನೀ ನನಗ ಚುಚ್ಚಾಕತ್ತೀ” ಎಂದು ನಕ್ಕಳು. ನಾನೂ ನಕ್ಕೆ. ನಗುತ್ತಲೇ ಹನಿಯನ್ನು ಗಾಜಿಗೆ ಹಚ್ಚಿದೆ. ಕಣಗಳ ರೂಪ ಬಿಡಿಬಿಡಿಯಾಗಿ ಕಾಣುವಂತೆ ತೆಳ್ಳಗೆ ಎಳೆದು ಇನ್ನೊಂದು ಪಟ್ಟಿ ಮಾಡಬೇಕಿತ್ತು. ಬಸ್ಸಿಗೆ ತಡವಾಗುತ್ತದೆಂದು ಮಾಡಲಿಲ್ಲ.

ಅವಳನ್ನು ದಾಂಡೇಲಿಗೆ ಬಿಟ್ಟು ಹಳಿಯಾಳಕ್ಕೆ ಹೋಗಿ ಮರುದಿನ ಆ ಪಟ್ಟಿಯನ್ನು ನೋಡಿದೆ. ಕಣ್ಣಿಟ್ಟ ಕೂಡಲೆ ಕಂಡದ್ದು ಬರೀ ನೀಲಿ ಚುಕ್ಕೆ. ಎಳ್ಳಿನ ಚೀಲ ಹರಿದು ಚೆಲ್ಲಿದಂತೆ, ಚುಕ್ಕೆಯ ಮೇಲೆ ಚುಕ್ಕೆ. ಬೇರೆಯವರ ಪಟ್ಟಿಯಲ್ಲಿ ಒಂದು ನೋಟಕ್ಕೆ ಹತ್ತು ಹದಿನೈದು ಕಂಡರೆ ಇದರಲ್ಲಿ ಎಣಿಸುವುದೇ ಆಗುತ್ತಿರಲಿಲ್ಲ. ನನಗೆ ನನ್ನ ಮೇಲೇ ಸಿಟ್ಟು ಬಂತು. ಹರಟೆ ಹೊಡೆಯುತ್ತ ರಕ್ತವನ್ನು ಉಂಡೆಯಾಗಿ ಮೆತ್ತಿದ್ದೇನೆ, ಎಂಥ ಕೈಯಪ್ಪಾ ನನ್ನದು ಅಂದುಕೊಂಡೆ. ಆದರೂ ಅಕ್ಕನದಲ್ಲವೇ, ಅರ್ಧ ಗಂಟೆ ಕೂತು ಉಂಗುರ ಹುಡುಕಿದೆ. ಒಂದೂ ಸಿಗಲಿಲ್ಲ. ಸಿಗದಿದ್ದದ್ದಕ್ಕೆ ದೇವರಿಗೆ ಕೈ ಮುಗಿದೆ. ಆ ದಿನ ನನ್ನ ಅರವತ್ತಕ್ಕೆ ಒಂದು ಪಟ್ಟಿ ಕಡಿಮೆ ಬಿದ್ದಿತ್ತು. ಅಕ್ಕನದಕ್ಕೇ ಒಂದು ನಂಬರು ಹಾಕಿ, ‘ಹೆಣ್ಣು, ವಯಸ್ಸು ಇಪ್ಪತ್ತೇಳು, ಚಿಗಳ್ಳಿ’ ಎಂದು ಬರೆದು, ಮುಂದೆ ‘ಇಲ್ಲ’ ಎಂದು ಗೀಚಿ, ಪೆಟ್ಟಿಗೆಗೆ ಸೇರಿಸಿದೆ.

ಹಬ್ಬ ಮುಗಿಸಿ ಅವಳನ್ನು ಚಿಗಳ್ಳಿಗೆ ಬಿಡಲು ಹೋದಾಗ ಪಡಸಾಲೆಯಲ್ಲಿ ಭಾವ, ಅತ್ತೆ, ನೆರೆಯ ಇಬ್ಬರು ಹೆಂಗಸರು ಕೂತಿದ್ದರು. “ಏನ ಬಂತಪಾ?” ಎಂದಳು ಅತ್ತೆ. ನಾನು ಚಪ್ಪಲಿಯನ್ನೂ ಕಳೆಯದೆ, ಕೋರ್ಟಿನಲ್ಲಿ ತೀರ್ಪು ಓದುವವನ ಹಾಗೆ ಹೇಳಿದೆ, “ಅಕ್ಕಗ ಏನೂ ಇಲ್ಲರಿ. ನಾನ ಖುದ್ದ ನೋಡೇನಿ.”

ಮಲೇರಿಯಾ ಇಲ್ಲ ಎನ್ನಬೇಕಿತ್ತು. ಏನೂ ಇಲ್ಲ ಅಂದುಬಿಟ್ಟೆ.

ಆ ಮಾತು ಆ ಮನೆಯಲ್ಲಿ ಏನು ಮಾಡಿತು ಎಂದು ನನಗೆ ತಿಳಿದದ್ದು ತುಣುಕು ತುಣುಕಾಗಿ. ಅಲ್ಲಿಯವರೆಗೆ ಅಕ್ಕ ಮಧ್ಯಾಹ್ನ ಒಂದು ಗಳಿಗೆ ಚಾಪೆಯ ಮೇಲೆ ಒರಗಿದರೆ ಯಾರೂ ಏನೂ ಅನ್ನುತ್ತಿರಲಿಲ್ಲ, ಹುಷಾರಿಲ್ಲ ಎಂಬ ಅನುಮಾನಕ್ಕಾದರೂ ಬೆಲೆ ಇತ್ತು. ನನ್ನ ತೀರ್ಪಿನ ನಂತರ ಅದೂ ಹೋಯಿತು. ತಮ್ಮನೇ, ಅದೂ ಸರಕಾರಿ ತಮ್ಮ, ಯಂತ್ರದಲ್ಲಿ ನೋಡಿ ಹೇಳಿದ ಮೇಲೆ ಇನ್ನೇನಿದೆ? ಅವಳು ಕಳೆ ತೆಗೆಯಲು ಹೋದಳು. ಕೆಸರಿನಲ್ಲಿ ಬಗ್ಗಿ ನಿಂತರೆ ಗಡ್ಡೆ ಪಕ್ಕೆಗೆ ಒತ್ತುತ್ತಿತ್ತಂತೆ, ಒಂದು ಕೈ ಅಲ್ಲಿಟ್ಟುಕೊಂಡು ಇನ್ನೊಂದು ಕೈಯಲ್ಲಿ ಕೀಳುತ್ತಿದ್ದಳಂತೆ. ಉಳಿದ ಹೆಂಗಸರು ಎರಡು ಸಾಲು ಮುಗಿಸುವಾಗ ಇವಳದು ಅರ್ಧ.

ದೀಪಾವಳಿಗೆ ನಾನು ಹೋದಾಗ ಅವಳು ಹಿತ್ತಲಲ್ಲಿ ಬೀಸುವ ಕಲ್ಲಿನ ಮುಂದೆ ಗೂಟಕ್ಕೆ ಕೈಯಿಟ್ಟು ಸುಮ್ಮನೆ ಕೂತಿದ್ದಳು. ಅತ್ತೆ ನನ್ನನ್ನು ನೋಡಿ, “ಬಾರಪಾ, ನಿಮ್ಮಕ್ಕ ಕಲ್ಲು ತಾನ ತಿರಗಲಿ ಅಂತ ಕಾಯಾಕತ್ಯಾಳ. ಇಂಥಾ ಮೈಗಳ್ಳಿನ್ನ ನಾ ಕಂಡಿಲ್ಲ ತಗಿ” ಎಂದಳು. ಅದು ಅರ್ಧ ಚೇಷ್ಟೆ, ಅರ್ಧ ಸಿಟ್ಟು. ನಾನು ಚೇಷ್ಟೆಯ ಅರ್ಧವನ್ನು ಮಾತ್ರ ಹಿಡಿದುಕೊಂಡು, “ಸಣ್ಣಾಕಿದ್ದಾಗ ನನ್ನ ಹಿಂದ ಬರಲ ಹಿಡಕೊಂಡ ಓಡತಿದ್ಲರಿ. ಈಗ ದಣಿವಾಗೇತಿ ಆಕಿಗೆ” ಎಂದು ಗಹಗಹಿಸಿ ನಕ್ಕೆ. ಅಕ್ಕ ನನ್ನ ಮುಖ ನೋಡಿದಳು. ಗೂಟ ಹಿಡಿದು ಬೀಸತೊಡಗಿದಳು. ಈಗಲೂ ಆ ನಗು ನೆನಪಾದರೆ ನನ್ನ ಬಾಯಿಯನ್ನು ನಾನೇ ಮುಚ್ಚಿಕೊಳ್ಳಬೇಕು ಅನ್ನಿಸುತ್ತದೆ.

ನಮ್ಮ ಇಲಾಖೆಯಲ್ಲಿ ಒಂದು ಪದ್ಧತಿ ಇತ್ತು. ‘ಇದೆ’ ಎಂದ ಪಟ್ಟಿಗಳನ್ನೆಲ್ಲ, ‘ಇಲ್ಲ’ ಎಂದವುಗಳಲ್ಲಿ ಹತ್ತಕ್ಕೆ ಒಂದನ್ನು ಮೇಲಿನ ಪ್ರಯೋಗಶಾಲೆಗೆ ಕಳಿಸಬೇಕು. ಅಲ್ಲಿ ಒಬ್ಬರು ಮತ್ತೊಮ್ಮೆ ನೋಡಿ ನಮ್ಮ ತಪ್ಪು ಹಿಡಿಯುತ್ತಿದ್ದರು. ಧಾರವಾಡದಲ್ಲಿದ್ದ ಆ ವಯಸ್ಸಾದ ಪರೀಕ್ಷಕರನ್ನು ನಾನು ಕಂಡಿರಲಿಲ್ಲ. ಅವರ ಕೆಂಪು ಶಾಯಿಯನ್ನು ಮಾತ್ರ ಬಲ್ಲೆ. ಅವರ ಮೇಜಿನ ಮೇಲೆ ಪಟ್ಟಿಗಳು ರಾಶಿ ಬಿದ್ದಿರುತ್ತಿದ್ದವು, ಉತ್ತರ ಬರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಸಂಕ್ರಮಣಕ್ಕೆ ಒಂದು ವಾರ ಇದ್ದಾಗ ಅವರ ಕಾಗದ ಬಂತು. ಶ್ರಾವಣದ ಒಂದು ನಂಬರಿನ ಮುಂದೆ ಕೆಂಪಿನಲ್ಲಿ ಹೀಗಿತ್ತು: ‘ಮಲೇರಿಯಾ ಇಲ್ಲ, ಸರಿ. ಬಿಳಿ ಕಣಗಳನ್ನು ನೋಡಿದಿರಾ? ಈ ಹೆಣ್ಣುಮಗಳು ಇನ್ನೂ ಬದುಕಿದ್ದಾಳೆಯೇ? ಇದ್ದರೆ ಕೂಡಲೆ ಹುಬ್ಬಳ್ಳಿಗೆ ಕಳಿಸಿ.’

ನಂಬರನ್ನು ರಜಿಸ್ಟರಿನಲ್ಲಿ ಹುಡುಕುವ ಮೊದಲೇ ನನಗೆ ಗೊತ್ತಾಗಿತ್ತು. ಆದರೂ ಬೆರಳಿಟ್ಟು ಸಾಲು ಸಾಲು ಹುಡುಕಿದೆ. ನನ್ನದೇ ಅಕ್ಷರ. ಹೆಣ್ಣು, ಇಪ್ಪತ್ತೇಳು, ಚಿಗಳ್ಳಿ, ಇಲ್ಲ.

ಹುಬ್ಬಳ್ಳಿಯ ಡಾಕ್ಟರು ಅಕ್ಕನ ಹೊಟ್ಟೆ ಮುಟ್ಟಿ ನೋಡಿದರು. ಗಡ್ಡೆ ಹೊಕ್ಕುಳದವರೆಗೆ ಇಳಿದಿತ್ತು. ರಕ್ತ ನೋಡಿದರು, ಎದೆಯ ಎಲುಬಿಗೆ ಸೂಜಿ ಹಾಕಿ ಮಜ್ಜೆ ತೆಗೆದು ನೋಡಿದರು. ನನ್ನನ್ನು ಹೊರಗೆ ಕರೆದು, ಇದು ಬಿಳಿ ಕಣಗಳ ಕ್ಯಾನ್ಸರ್, ನಿಧಾನವಾಗಿ ಬೆಳೆಯುವ ಜಾತಿ ಎಂದರು. ಗುಣವಾಗುತ್ತದೆಯೇ ಎಂದು ಕೇಳಿದೆ. ಮುಂಬಯಿಯಿಂದ ಒಂದು ಗುಳಿಗೆ ಬರುತ್ತದೆ, ಗಡ್ಡೆ ಕರಗುತ್ತದೆ, ಎರಡು ಮೂರು ವರ್ಷ ಚೆನ್ನಾಗಿರುತ್ತಾಳೆ ಎಂದರು. ನಾನು ಕೇಳಿದ ಪ್ರಶ್ನೆಗೆ ಅದು ಉತ್ತರವಲ್ಲ ಎಂಬುದು ಇಬ್ಬರಿಗೂ ತಿಳಿದಿತ್ತು.

ಚಿಗಳ್ಳಿಗೆ ವಾಪಸು ಬಂದ ಸಂಜೆ ಅತ್ತೆ ಬಾಗಿಲಲ್ಲೇ ನಿಂತಿದ್ದಳು. ರಕ್ತದಲ್ಲಿ ದೊಡ್ಡ ರೋಗ ಬಂದಿದೆ ಎಂದು ಹೇಳಿದೆ. ಅವಳ ಮುಖ ಕಪ್ಪಿಟ್ಟಿತು. “ಯಾವಾಗ ಬಂತು?” ಎಂದಳು. ಪಕ್ಕದಲ್ಲಿ ಅಕ್ಕ, ಹಿಂದೆ ಭಾವ. ಶ್ರಾವಣದಲ್ಲೇ ಇತ್ತು, ಕಣ್ಣ ಮುಂದೆಯೇ ಇತ್ತು, ನಾನೇ ಕಾಣಲಿಲ್ಲ ಎಂದು ಹೇಳಲು ಬಾಯಿ ತೆರೆದೆ. ಬಾವಿಕಟ್ಟೆಯ ಹೆಂಗಸರು, ಚಾಚಿದ ಬೆರಳುಗಳು, ಓಣಿಗೆ ಹಂಚಿದ ಸಕ್ಕರೆ, ಎಲ್ಲ ಒಟ್ಟಿಗೆ ನೆನಪಾದವು.

“ಹೊಸದಾಗಿ ಬಂದೈತರಿ” ಎಂದೆ. “ಪಂಚಮಿಯಾಗ ಇದ್ದಿಲ್ಲ.”

ಅತ್ತೆ ಉಸಿರು ಬಿಟ್ಟಳು. “ಶಿವನ, ಬದುಕಿದೆ. ನಾ ಜಡ್ಡಿನಾಕಿನ್ನ ಬಯ್ಯಾಕತ್ತಿದ್ನೇನೋ ಅಂತ ಎದಿ ಒಡದಿತ್ತು” ಎಂದಳು. ಹೋಗಿ ಅಕ್ಕನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಒಬ್ಬ ಸುಳ್ಳು ಹೇಳಿದರೆ ಇಬ್ಬರಿಗೆ ಸಮಾಧಾನವಾಗುವುದಾದರೆ ತಪ್ಪೇನು ಎಂದು ಆ ಸಂಜೆ ನನಗೆ ನಾನೇ ಹೇಳಿಕೊಂಡೆ. ಮೂರನೆಯವಳಾದ ಅಕ್ಕನನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಆ ಗುಳಿಗೆಯ ಪ್ರಮಾಣವನ್ನು ಬಿಳಿ ಕಣಗಳ ಎಣಿಕೆ ನೋಡಿ ಏರಿಸಬೇಕು, ಇಳಿಸಬೇಕು. ಹೆಚ್ಚಾದರೆ ಮಜ್ಜೆಯೇ ಒಣಗಿ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಅಕ್ಕನನ್ನು ಹುಬ್ಬಳ್ಳಿಗೆ ಒಯ್ಯುವ ಬದಲು ಎಣಿಸುವುದನ್ನು ನಾನೇ ಕಲಿಯುತ್ತೇನೆ ಎಂದೆ. ಧಾರವಾಡಕ್ಕೆ ಹೋಗಿ ಕೆಂಪು ಶಾಯಿಯ ಪರೀಕ್ಷಕರ ಮುಂದೆ ನಿಂತೆ. ಆ ಹೆಣ್ಣುಮಗಳು ನನ್ನ ಅಕ್ಕ ಎಂದು ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಬಯ್ಯುತ್ತಾರೆ ಎಂದುಕೊಂಡಿದ್ದೆ, ಬಯ್ದಿದ್ದರೆ ಹಗುರವಾಗುತ್ತಿತ್ತು. “ಕುಂದರ್ರಿ. ಬಿಳಿ ಕಣಾ ಅಂದ್ರ ಒಂದ ಜಾತಿ ಅಲ್ಲ. ಒಂದೊಂದರ ಮಾರಿ ಗುರ್ತ ಹಿಡೀರಿ ಮೊದಲ” ಎಂದು ತಮ್ಮ ಸೂಕ್ಷ್ಮದರ್ಶಕವನ್ನು ನನ್ನ ಕಡೆ ತಿರುಗಿಸಿದರು. ಅವರೇ ನನ್ನ ಗುರುಗಳು. ಸಭೆಗಳಲ್ಲಿ ನಾನು ಹೇಳುವ ಗುರುಗಳು ಅವರೇ.

ಮೂರು ವರ್ಷ ನಾನು ಎರಡು ವಾರಕ್ಕೊಮ್ಮೆ ಚಿಗಳ್ಳಿಗೆ ಹೋದೆ. ಶನಿವಾರ ಹೊರಟು, ಅಕ್ಕನ ರಕ್ತವನ್ನು ಸಣ್ಣ ಕೊಳವೆಯಲ್ಲಿ ಬಾಯಿಯಿಂದ ಎಳೆದುಕೊಂಡು, ಭಾನುವಾರ ಹಳಿಯಾಳದಲ್ಲಿ ಎಣಿಸಿ, ಒಂದು ನೋಟುಬುಕ್ಕಿನಲ್ಲಿ ಬರೆದು, ಡಾಕ್ಟರಿಗೆ ಕಾರ್ಡು ಹಾಕುತ್ತಿದ್ದೆ. ಎಣಿಕೆ ಇಳಿಯಿತು. ಗಡ್ಡೆ ಪಕ್ಕೆಯ ಒಳಗೆ ಸರಿಯಿತು. ಆ ಬೇಸಿಗೆ ಅಕ್ಕ ಮೊದಲಿನಂತೆ ಎರಡು ಕೊಡ ಹೊತ್ತು ನಡೆದದ್ದನ್ನು ನೋಡಿ ನಾನು ಬಾವಿಕಟ್ಟೆಯ ಹಿಂದೆ ನಿಂತು ಅತ್ತಿದ್ದೇನೆ. ಗುಳಿಗೆಯಿಂದ ಅವಳ ಮೈ ಕಪ್ಪಾಯಿತು. ಅತ್ತೆ ದಿನಾ ಅರಿಸಿನ ಕಡಲೆಹಿಟ್ಟು ಕಲಸಿ ಅವಳ ಕೈಕಾಲು ತಿಕ್ಕುತ್ತಿದ್ದಳು. ಹೋಗದ ಬಣ್ಣವನ್ನು ತಿಕ್ಕಿ ತಿಕ್ಕಿ, “ಹೋಗತೈತಿ ಬಿಡ, ಮುಂದಿನ ವರ್ಷಕ್ಕ ಹೋಗತೈತಿ” ಅನ್ನುತ್ತಿದ್ದಳು. ಸೊಸೆಯನ್ನು ಅವಳು ಹೀಗೆ ನೋಡಿಕೊಂಡದ್ದನ್ನು ಕಂಡಷ್ಟೂ ನನ್ನ ಸುಳ್ಳು ಇನ್ನೂ ಆಳಕ್ಕೆ ಇಳಿಯಿತು. ಈಗ ಯಾಕೆ ಕೆದಕಬೇಕು, ಎಲ್ಲ ಚೆನ್ನಾಗಿದೆಯಲ್ಲ ಎಂದು ಮುಂದೂಡಿದೆ. ಚೆನ್ನಾಗಿಲ್ಲದಾಗ ಈಗ ಯಾಕೆ ನೋಯಿಸಬೇಕು ಎಂದು ಮುಂದೂಡಿದೆ.

ನಾನು ಮುಂದೆ ಮಾಡಿದ ಸಂಶೋಧನೆಗಳಲ್ಲಿ ನೂರಾರು ರೋಗಿಗಳಿದ್ದರು. ಮೊದಲನೆಯದರಲ್ಲಿ ಒಬ್ಬಳೇ. ಆ ನೋಟುಬುಕ್ಕು ಇಟ್ಟುಕೊಂಡು ನಾನು ಎಷ್ಟು ಸಲ ಕೂತಿದ್ದೇನೋ. ಶ್ರಾವಣದಲ್ಲೇ ರೋಗ ಗುರುತಿಸಿದ್ದರೆ ಅಕ್ಕ ಎಷ್ಟು ಹೆಚ್ಚು ಬದುಕುತ್ತಿದ್ದಳು? ಈ ಪ್ರಶ್ನೆಯನ್ನು ವಿಜ್ಞಾನದ ಭಾಷೆಯಲ್ಲಿ ಕೇಳಿದ್ದೇನೆ, ಬೇರೆಯವರ ರೋಗಿಗಳನ್ನು ಸೇರಿಸಿ ಕೇಳಿದ್ದೇನೆ. ಆ ಕಾಲದ ಔಷಧದಲ್ಲಿ ಐದು ತಿಂಗಳ ತಡ ಹೆಚ್ಚೇನೂ ವ್ಯತ್ಯಾಸ ಮಾಡುತ್ತಿರಲಿಲ್ಲ ಎಂಬುದೇ ಪ್ರತಿ ಸಲದ ಉತ್ತರ. ಆ ಗುಳಿಗೆ ರೋಗವನ್ನು ಮಲಗಿಸುತ್ತಿತ್ತು, ಕೊಲ್ಲುತ್ತಿರಲಿಲ್ಲ. ಈಗ ಬಂದಿರುವ ಗುಳಿಗೆ ಬೇರೆ. ದಿನಕ್ಕೊಂದು ನುಂಗಿ ಅದೇ ರೋಗದವರು ಹೊಲಕ್ಕೆ ಹೋಗುತ್ತಾರೆ, ಮೊಮ್ಮಕ್ಕಳನ್ನು ಎತ್ತಿಕೊಳ್ಳುತ್ತಾರೆ. ಮೊದಲ ಸಲ ಅಂಥ ಒಬ್ಬ ಹೆಂಗಸು ಐದು ವರ್ಷ ಮುಗಿಸಿ ನನ್ನ ಕೋಣೆಗೆ ಪೇಢೆ ತಂದಾಗ ನನಗೆ ಸಂತೋಷಕ್ಕಿಂತ ಮೊದಲು ಹೊಟ್ಟೆಕಿಚ್ಚು ಬಂತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಹೊಟ್ಟೆಕಿಚ್ಚೇ.

ಆದ್ದರಿಂದ ಜೀವದ ಲೆಕ್ಕದಲ್ಲಿ ನಾನು ಖುಲಾಸೆಯಾದವನು. ಆ ಐದು ತಿಂಗಳ ಕಳೆ, ಸುಗ್ಗಿ, ಬೀಸುವ ಕಲ್ಲು, ಬೈಗುಳ, ಇವುಗಳ ಲೆಕ್ಕಕ್ಕೆ ಮಾತ್ರ ನಮ್ಮ ಶಾಸ್ತ್ರದಲ್ಲಿ ಯಾವ ಕಾಲಮ್ಮೂ ಇಲ್ಲ.

ನಾಲ್ಕನೆಯ ವರ್ಷದ ಚಳಿಗಾಲದಲ್ಲಿ ಎಣಿಕೆ ಗುಳಿಗೆಯ ಮಾತು ಕೇಳುವುದನ್ನು ಬಿಟ್ಟಿತು. ಒಂದು ಭಾನುವಾರ ಸಂಜೆ ಅಕ್ಕನ ತೆಳ್ಳಗಿನ ಪಟ್ಟಿಯನ್ನು ನೋಡುತ್ತಿದ್ದಾಗ ಹೊಸ ಮುಖಗಳು ಕಂಡವು. ದೊಡ್ಡ, ದುಂಡಗಿನ, ಬಲಿಯದ ಕಣಗಳು, ಎಲ್ಲಿ ಸರಿಸಿದರೂ ಅವೇ. ಗುರುಗಳು ಅವುಗಳನ್ನು ತೋರಿಸಿ, ಇವು ಗುಂಪಾಗಿ ಬಂದವೆಂದರೆ ಇನ್ನು ಕೆಲವೇ ವಾರ ಎಂದು ಹೇಳಿದ್ದರು. ಈ ಸಲ ನಾನು ತಪ್ಪು ಓದಲಿಲ್ಲ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಆ ಕೆಲವು ವಾರ ನಾನು ರಜೆ ಹಾಕಿ ಚಿಗಳ್ಳಿಯಲ್ಲೇ ಇದ್ದೆ. ಜ್ವರ ಇಳಿಯುತ್ತಿರಲಿಲ್ಲ, ಒಸಡಿನಿಂದ ರಕ್ತ ಬರುತ್ತಿತ್ತು. ಅತ್ತೆ ಹತ್ತಿಯನ್ನು ನೀರಿಗೆ ಅದ್ದಿ ಅವಳ ತುಟಿ ಒರೆಸುತ್ತಿದ್ದಳು. ಒಂದು ಮಧ್ಯಾಹ್ನ ಅತ್ತೆ ದನಗಳಿಗೆ ನೀರು ಕುಡಿಸಲು ಹೋಗಿದ್ದಳು. ಅಕ್ಕ ನನ್ನನ್ನು ಹತ್ತಿರ ಕರೆದಳು.

“ತಮ್ಮಾ, ಒಂದ ಮಾತ ಕೇಳತೇನಿ, ಖರೇ ಹೇಳು. ಆ ವರ್ಷ ಪಂಚಮಿಗೆ ನನಗ ಏನೂ ಇದ್ದಿಲ್ಲೇನು?”

ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು. ಅವಳಿಗೆ ಬೇಕಿದ್ದ ಉತ್ತರ ಯಾವುದು ಎಂದು ಈಗ ನನಗೆ ಚೆನ್ನಾಗಿ ಗೊತ್ತು. ಆಗಲೂ ಗೊತ್ತಿತ್ತೇನೋ. ನಾಲ್ಕು ವರ್ಷ ಹೇಳದ್ದನ್ನು ಸಾಯುವವಳಿಗೆ ಹೇಳಿದರೆ ನನ್ನನ್ನು ಹೇಗೆ ನೋಡುತ್ತಾಳೋ ಎಂದು ಹೆದರಿದೆ. ಅವಳು ನನ್ನನ್ನು ನೋಡುವ ಕೊನೆಯ ನೋಟ ಅದಾಗಬಾರದು ಎಂದು ಸ್ವಾರ್ಥ ಹುಟ್ಟಿತು.

“ಇದ್ದಿಲ್ಲ ಅಕ್ಕಾ” ಎಂದೆ.

ಅವಳು ಮಾಡಿನ ಕಡೆ ಕಣ್ಣು ತಿರುಗಿಸಿದಳು. “ಹಂಗಾರ ಅತ್ತಿ ಅಂದದ್ದ ಖರೇ. ನನಗ ಭಾಳ ದಣಿವು ಆಗತಿತ್ತಪಾ. ಕೈ ಎತ್ತಾಕ ಆಗತಿದ್ದಿಲ್ಲ. ಜಡ್ಡ ಅಂತ ತಿಳಕೊಂಡಿದ್ದೆ. ಮೈಗಳ್ಳತನಾನ ಅದು” ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ತನ್ನ ಬಗ್ಗೆ ಒಂದು ಸಂಗತಿ ಕೊನೆಗೂ ಖಾತ್ರಿಯಾದಂತೆ ಹೇಳಿದಳು.

ನಾನು ಅಲ್ಲ ಎನ್ನಬೇಕೆಂದು ತುಟಿ ತೆರೆಯುವಷ್ಟರಲ್ಲಿ ಅತ್ತೆ ಒಳಗೆ ಬಂದಳು. ಅಕ್ಕ ಏಳಲು ನೋಡಿದಳು, ಆಗಲಿಲ್ಲ. ಮಲಗಿದಲ್ಲಿಂದಲೇ ಕೈ ಚಾಚಿ ಅತ್ತೆಯ ಕಾಲು ಮುಟ್ಟಿದಳು. “ಅತ್ತೀ, ಆ ವರ್ಷ ಸುಗ್ಗ್ಯಾಗ ನಿಮಗ ಭಾಳ ತ್ರಾಸ ಕೊಟ್ಟೆ. ಮೈಗಳ್ಳತನಾ ಮಾಡಿದೆ. ತಪ್ಪಾತರಿ” ಎಂದಳು. ಅತ್ತೆ, “ಹುಚ್ಚಿ, ಅದ್ಯಾಕ ಈಗ, ಆತು ಬಿಡ, ಆತು ಬಿಡ” ಎಂದು ಅವಳ ಕೈಯನ್ನು ಎತ್ತಿ ಚಾಪೆಯ ಮೇಲಿಟ್ಟು ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ಇಬ್ಬರ ನಡುವೆ, ಮೊಳ ದೂರದಲ್ಲಿ ಕೂತಿದ್ದೆ. ಬಾಯಿ ಬಿಡಲಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅಕ್ಕ ಹೋದಳು. ನಮ್ಮಲ್ಲಿ ಕೂರಿಸಿ ಹೂಳುತ್ತಾರೆ. ಕೊರಳಿನ ಲಿಂಗವನ್ನು ಎಡಗೈಯಲ್ಲಿಟ್ಟು, ವಿಭೂತಿ ಹಚ್ಚಿ, ಗದ್ದೆಯ ಅಂಚಿನಲ್ಲಿ ಸಮಾಧಿ ಮಾಡಿದರು. ಮಣ್ಣು ಹಾಕುವಾಗ ಭಾವ ಮೊದಲ ಸಲ ಜೋರಾಗಿ ಅತ್ತ. ನನಗೆ ಅಳು ಬರಲಿಲ್ಲ. ಅಳುವುದಕ್ಕೂ ಒಂದು ಯೋಗ್ಯತೆ ಬೇಕು ಅನ್ನಿಸುತ್ತಿತ್ತು.

ಮನೆಗೆ ಬಂದು ಸ್ನಾನ ಮಾಡಿದೆವು. ಬಂದವರು ಹೋದರು. ಅತ್ತೆ ಹಿತ್ತಲ ಬಾಗಿಲಿನ ಹೊಸ್ತಿಲ ಬಳಿ ಒಬ್ಬಳೇ ಕೂತಿದ್ದಳು. ನಾನು ಹೋಗಿ ಅವಳ ಎದುರು ನೆಲದ ಮೇಲೆ ಕೂತೆ. ಎಲ್ಲ ಹೇಳಿದೆ. ನೀಲಿ ಚುಕ್ಕೆಗಳನ್ನು, ಕೆಂಪು ಶಾಯಿಯನ್ನು, ಪಂಚಮಿಯಲ್ಲಿ ರೋಗ ಇದ್ದೇ ಇತ್ತು ಎಂಬುದನ್ನು, ಅಕ್ಕ ಒಂದು ದಿನವೂ ಮೈಗಳ್ಳತನ ಮಾಡಿರಲಿಲ್ಲ ಎಂಬುದನ್ನು. “ತಪ್ಪ ನಂದರಿ, ಅವ್ವಾರ. ನಿಮ್ದಲ್ಲ, ಆಕಿದಲ್ಲ” ಎಂದೆ. ಹೊಡೆಯಲಿ, ಮನೆಯಿಂದ ಆಚೆ ಹಾಕಲಿ ಎಂದು ತಲೆ ತಗ್ಗಿಸಿದೆ.

 ಅವಳ ದನಿ ಎಷ್ಟು ಸಣ್ಣದಾಗಿತ್ತೆಂದರೆ ನಾನು ಮುಂದೆ ಬಾಗಿ ಕೇಳಬೇಕಾಯಿತು.

“ಆಕಿ ನನ್ನ ಕಾಲ ಮುಟ್ಟಿದಾಗ ನೀ ಅಲ್ಲೇ ಕುಂತಿದ್ದೆಲ್ಲೋ, ಯಪ್ಪಾ. ಅವಾಗ ಹೇಳಿದ್ರ ನಾ ಆಕಿ ಕಾಲ ಹಿಡೀತಿದ್ದೆ.”